ದೌ: ಇಂಗ್ಲಿಷಿನಿಂದ ಮರೆಯಾದ ಏಕವಚನ

ದೌ ಎಂಬುದು ಇಂಗ್ಲಿಷಿನ ಮಧ್ಯಮಪುರುಷ ಏಕವಚನ ಸರ್ವನಾಮ. ಎದುರಿಗಿರುವ ಒಬ್ಬನೇ ವ್ಯಕ್ತಿಯನ್ನು ಕುರಿತು ಆಡುವ ಮಾತಿನಲ್ಲಿ ಕರ್ತೃಪದವಾಗಿ ಬರುತ್ತಿದ್ದ ಈ ಪದಕ್ಕೆ ಕನ್ನಡದ ‘ನೀನು’ ನೇರವಾದ ಸಮಾನಪದ. ಇಂಗ್ಲಿಷಿನ ಅತಿ ಹಳೆಯ ಬರಹಗಳಿಂದ ಹಿಡಿದು ಹದಿನೇಳನೆಯ ಶತಮಾನದವರೆಗೆ ಇದು ದಿನಬಳಕೆಯ ಮಾತಾಗಿತ್ತು. 1700ರ ಹೊತ್ತಿಗೆ ಶಿಷ್ಟ ಆಡುಮಾತಿನಿಂದ ಬಹುಮಟ್ಟಿಗೆ ಸರಿದುಹೋಯಿತು. ಇದರ ಜಾಗಕ್ಕೆ ಮೂಲತಃ ಬಹುವಚನವಾಗಿದ್ದ ‘ಯೂ’ ಬಂದು ನಿಂತಿತು. ಹೀಗಾಗಿ ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ನೀನು, ನೀವು, ತಾವು ಎಲ್ಲಕ್ಕೂ ಒಂದೇ ಪದ. ದೌ ಈಗ ಉಳಿದಿರುವುದು ಹಳೆಯ ಬೈಬಲ್ ಅನುವಾದಗಳಲ್ಲಿ, ಪ್ರಾರ್ಥನೆಗಳಲ್ಲಿ, ಹಳೆಯ ಕಾವ್ಯ ನಾಟಕಗಳಲ್ಲಿ ಮತ್ತು ಬ್ರಿಟನ್ನಿನ ಕೆಲವು ಪ್ರಾದೇಶಿಕ ನುಡಿಗಳಲ್ಲಿ ಮಾತ್ರ. ಒಂದು ಸಮಾಜದಲ್ಲಿ ಯಾರು ಯಾರನ್ನು ಹೇಗೆ ಮಾತಾಡಿಸಬೇಕು ಎಂಬ ಪ್ರಶ್ನೆ ಭಾಷೆಯ ವ್ಯಾಕರಣವನ್ನೇ ಬದಲಿಸಬಲ್ಲದು ಎಂಬುದಕ್ಕೆ ಈ ಪದದ ಚರಿತ್ರೆ ಸ್ಪಷ್ಟವಾದ ನಿದರ್ಶನ.

ಯಂತ್ರಾಗಾರಗಳಲ್ಲಿ ಅಂಗುಲದ ಸಾವಿರದ ಒಂದು ಭಾಗಕ್ಕೆ, ಇಂಗ್ಲಿಷಿನಲ್ಲಿ ಇದೇ ಕಾಗುಣಿತದಲ್ಲಿ ಬರೆದು, ‘ಥೌ’ ಎನ್ನುವುದುಂಟು. ಅದು ‘ಥೌಸಂಡ್’ ಎಂಬುದರ ಮೊಟಕು ರೂಪ. ಈ ಸರ್ವನಾಮಕ್ಕೂ ಅದಕ್ಕೂ ಸಂಬಂಧವಿಲ್ಲ.

ರೂಪ ಮತ್ತು ವ್ಯಾಕರಣ

ಕರ್ತೃವಾದಾಗ ದೌ (ನೀನು), ಕರ್ಮವಾದಾಗ ದೀ (ನಿನ್ನನ್ನು, ನಿನಗೆ), ಸಂಬಂಧ ಹೇಳುವಾಗ ದೈ ಮತ್ತು ದೈನ್ (ನಿನ್ನ, ನಿನ್ನದು), ಆತ್ಮಾರ್ಥದಲ್ಲಿ ದೈಸೆಲ್ಫ್ ಎಂಬ ರೂಪಗಳಿದ್ದವು. ವ್ಯಂಜನದಿಂದ ಶುರುವಾಗುವ ಪದದ ಮುಂದೆ ದೈ, ಸ್ವರದಿಂದ ಶುರುವಾಗುವ ಪದದ ಮುಂದೆ ದೈನ್ ಬರುವುದು ವಾಡಿಕೆ. ಮೈ ಮತ್ತು ಮೈನ್ ರೂಪಗಳಿಗೂ ಹಿಂದೆ ಇದೇ ನಿಯಮವಿತ್ತು. ಬಹುವಚನದಲ್ಲಿ ಕರ್ತೃರೂಪ ಯೀ, ಕರ್ಮರೂಪ ಯೂ. ಈ ಎರಡರ ನಡುವಿನ ಗೆರೆ ಹದಿನಾರನೆಯ ಶತಮಾನದಲ್ಲಿ ಅಳಿಸುತ್ತ ಬಂದು, ಯೂ ಎಂಬುದೇ ಎರಡೂ ಕೆಲಸ ಮಾಡತೊಡಗಿತು.

ದೌ ಕರ್ತೃವಾದಾಗ ಕ್ರಿಯಾಪದವೂ ಬದಲಾಗಬೇಕಿತ್ತು. ಸಾಮಾನ್ಯ ಕ್ರಿಯಾಪದಗಳ ಕೊನೆಗೆ ‘ಎಸ್ಟ್’ ಅಥವಾ ‘ಸ್ಟ್’ ಎಂಬ ಪ್ರತ್ಯಯ ಸೇರುತ್ತಿತ್ತು: ನೋ ಎಂಬುದು ನೋಎಸ್ಟ್, ಹ್ಯಾವ್ ಎಂಬುದು ಹ್ಯಾಸ್ಟ್, ಡೂ ಎಂಬುದು ಡಸ್ಟ್. ಸಹಾಯಕ ಕ್ರಿಯಾಪದಗಳಾದ ವಿಲ್, ಶ್ಯಾಲ್ ಎಂಬುವು ವಿಲ್ಟ್, ಶ್ಯಾಲ್ಟ್ ಆಗುತ್ತಿದ್ದವು. ‘ಇರು’ ಎಂಬ ಅರ್ಥದ ಕ್ರಿಯಾಪದ ವರ್ತಮಾನದಲ್ಲಿ ಆರ್ಟ್ ಎಂದೂ ಭೂತಕಾಲದಲ್ಲಿ ವಾಸ್ಟ್ ಅಥವಾ ವರ್ಟ್ ಎಂದೂ ಬರುತ್ತಿತ್ತು. ನೀನು ಬರುತ್ತೀಯೆ, ನೀವು ಬರುತ್ತೀರಿ ಎಂದು ಆಖ್ಯಾತ ಪ್ರತ್ಯಯವನ್ನು ಬದಲಿಸುವ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ದೌ ಹೋದಾಗ ಇಂಗ್ಲಿಷ್ ಒಂದು ಪದವನ್ನಷ್ಟೇ ಅಲ್ಲ, ಇಡೀ ಒಂದು ಸಾಲು ಕ್ರಿಯಾರೂಪಗಳನ್ನೇ ಕಳೆದುಕೊಂಡಿತು.

ದೌ ಕ್ರಿಯಾಪದವಾಗಿಯೂ ಬಳಕೆಯಲ್ಲಿತ್ತು. ಒಬ್ಬರನ್ನು ‘ದೌ ಮಾಡುವುದು’ ಎಂದರೆ ಅವರನ್ನು ಏಕವಚನದಲ್ಲಿ ಮಾತಾಡಿಸುವುದು. ಫ್ರೆಂಚಿನಲ್ಲಿ ತ್ಯುತ್ವಯೇ, ಜರ್ಮನ್ನಿನಲ್ಲಿ ಡುಟ್ಸೆನ್ ಎಂಬ ಕ್ರಿಯಾಪದಗಳು ಇದೇ ಅರ್ಥದಲ್ಲಿ ಇಂದಿಗೂ ಜೀವಂತವಾಗಿವೆ. ‘ಏಕವಚನದಲ್ಲಿ ಬೈದಾಡಿದರು’ ಎಂದು ಕನ್ನಡ ಪತ್ರಿಕೆಗಳು ಬರೆಯುವಾಗ ಹೊಮ್ಮುವ ಧ್ವನಿಯೇ ಆ ಹಳೆಯ ಇಂಗ್ಲಿಷ್ ಕ್ರಿಯಾಪದಕ್ಕೂ ಇತ್ತು.

ಮೂಲ

ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಥೂ’ ಎಂದಿತ್ತು. ಅದರ ಮೊದಲ ಧ್ವನಿಗೆ ಥಾರ್ನ್ ಎಂಬ ಪ್ರತ್ಯೇಕ ಅಕ್ಷರವಿತ್ತು. ರೂನ್ ಲಿಪಿಯಿಂದ ಬಂದ ಆ ಅಕ್ಷರ ಮುದ್ರಣ ಯುಗದಲ್ಲಿ ಬಿದ್ದುಹೋಯಿತು. ಹಳೆಯ ಅಂಗಡಿ ಫಲಕಗಳ ಮಾದರಿಯಲ್ಲಿ ಇಂದು ಬರೆಯುವ ‘ಯೀ ಓಲ್ಡ್’ ಎಂಬಲ್ಲಿನ ಯೀ ನಿಜಕ್ಕೂ ಸರ್ವನಾಮವಲ್ಲ. ಥಾರ್ನ್ ಅಕ್ಷರವನ್ನು ವೈ ಅಕ್ಷರದಂತೆ ಬರೆಯುತ್ತಿದ್ದುದರಿಂದ ‘ದಿ’ ಎಂಬ ಪದವನ್ನೇ ಮುಂದಿನವರು ಯೀ ಎಂದು ಓದಿಕೊಂಡರು.

ಪದದ ಬೇರು ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿದೆ. ಸಂಸ್ಕೃತದ ತ್ವಂ, ಲ್ಯಾಟಿನ್ನಿನ ತೂ, ಹಿಂದಿಯ ತೂ, ರಷ್ಯನ್ನಿನ ತಿ, ಜರ್ಮನ್ನಿನ ಡು ಎಲ್ಲವೂ ಇದರ ಬಂಧುಗಳು. ಸಂಸ್ಕೃತದ ತಕಾರವಿದ್ದ ಕಡೆ ಇಂಗ್ಲಿಷಿನಲ್ಲಿ ಊಷ್ಮಧ್ವನಿ ಕಾಣುವುದು ಗ್ರಿಮ್ ಸೂತ್ರ ಎಂದು ಹೆಸರಾದ ಧ್ವನಿಪಲ್ಲಟದ ಫಲ. ತ್ರಯ ಮತ್ತು ಥ್ರೀ ಎಂಬ ಜೋಡಿಯಲ್ಲೂ ಅದೇ ಸಂಬಂಧವಿದೆ. ಕನ್ನಡದ ನೀನು ದ್ರಾವಿಡ ಮೂಲದ್ದು. ಅರ್ಥ ಒಂದೇ ಆದರೂ ದೌ ಜೊತೆ ಅದಕ್ಕೆ ರಕ್ತಸಂಬಂಧವಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಸಂಸ್ಕೃತದಂತೆ ದ್ವಿವಚನವೂ ಇತ್ತು. ಒಬ್ಬನಿಗೆ ಥೂ, ಇಬ್ಬರಿಗೆ ಯಿತ್, ಅದಕ್ಕಿಂತ ಹೆಚ್ಚಿನವರಿಗೆ ಯೇ ಎಂಬ ಮೂರು ಹಂತಗಳಿದ್ದವು. ದ್ವಿವಚನ ಹದಿಮೂರನೆಯ ಶತಮಾನದಲ್ಲಿ ನಶಿಸಿತು. ಆ ಕಾಲದವರೆಗೂ ಈ ಪದಗಳಲ್ಲಿ ಮರ್ಯಾದೆಯ ಪ್ರಶ್ನೆಯೇ ಇರಲಿಲ್ಲ, ಇದ್ದುದು ಎಣಿಕೆ ಮಾತ್ರ. ರಾಜನಾದರೂ ಸರಿ, ದನ ಕಾಯುವವನಾದರೂ ಸರಿ, ಎದುರಿಗೆ ಒಬ್ಬನಿದ್ದರೆ ಥೂ ಎನ್ನುವುದೇ ಕ್ರಮವಾಗಿತ್ತು.

ಸ್ವರ ಮಹಾಪಲ್ಲಟ ಎಂದು ಕರೆಯಲಾಗುವ ಉಚ್ಚಾರಣೆಯ ಬದಲಾವಣೆಯಲ್ಲಿ, ಸುಮಾರು ಹದಿನೈದರಿಂದ ಹದಿನೇಳನೆಯ ಶತಮಾನದ ನಡುವೆ, ಊಕಾರ ಔಕಾರವಾಗಿ ಥೂ ಎಂಬುದು ದೌ ಆಯಿತು. ಈ ಪಲ್ಲಟ ಪೂರ್ತಿಯಾಗಿ ತಲುಪದ ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕೆಲವು ನುಡಿಗಳಲ್ಲಿ ‘ದೂ’ ಎಂಬ ಹಳೆಯ ಸ್ವರವೇ ಉಳಿಯಿತು.

ಒಬ್ಬರಿಗೇ ಬಹುವಚನ

ಒಬ್ಬ ವ್ಯಕ್ತಿಯನ್ನು ಬಹುವಚನದಲ್ಲಿ ಗೌರವಿಸುವ ರೂಢಿ ಯುರೋಪಿನಲ್ಲಿ ಲ್ಯಾಟಿನ್ನಿನಿಂದ ಹರಡಿತು. ನಾಲ್ಕನೆಯ ಶತಮಾನದ ರೋಮನ್ ಚಕ್ರವರ್ತಿಗಳನ್ನು ‘ವೋಸ್’ ಎಂಬ ಬಹುವಚನದಿಂದ ಸಂಬೋಧಿಸತೊಡಗಿದರು. ಸಾಮ್ರಾಜ್ಯವನ್ನು ಪೂರ್ವದಲ್ಲೊಬ್ಬ ಪಶ್ಚಿಮದಲ್ಲೊಬ್ಬ ಚಕ್ರವರ್ತಿ ಆಳುತ್ತಿದ್ದುದರಿಂದ ಒಬ್ಬನಿಗೆ ಹೇಳಿದ ಮಾತು ಇಬ್ಬರಿಗೂ ಸಂದಂತಾಯಿತು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಚಕ್ರವರ್ತಿಗೆ ಸಂದ ಬಹುವಚನ ಮುಂದೆ ಸಾಮಂತರಿಗೆ, ಧರ್ಮಗುರುಗಳಿಗೆ, ಶ್ರೀಮಂತರಿಗೆ ಇಳಿದು ಬಂದಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆ, ನ್ಯಾಯಾಲಯ ಮತ್ತು ಪ್ರಭುವರ್ಗದ ನುಡಿ ಫ್ರೆಂಚ್ ಆಯಿತು. ಫ್ರೆಂಚರ ತ್ಯು ಮತ್ತು ವು ಎಂಬ ಭೇದವನ್ನು ಕೇಳಿ ಬೆಳೆದವರು ಇಂಗ್ಲಿಷಿನಲ್ಲೂ ಅದನ್ನೇ ಅನುಸರಿಸತೊಡಗಿದರು. ಹದಿಮೂರನೆಯ ಶತಮಾನದ ಬರಹಗಳಲ್ಲಿ ಒಬ್ಬ ಮೇಲಿನವನಿಗೆ ಯೀ, ಯೂ ಎನ್ನುವ ಪ್ರಯೋಗ ಕಾಣಿಸಿಕೊಳ್ಳುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆಫ್ರಿ ಚಾಸರ್ ಕ್ಯಾಂಟರ್‌ಬರಿ ಕಥೆಗಳನ್ನು ಬರೆಯುವ ವೇಳೆಗೆ ಇದು ಸುಸಂಸ್ಕೃತರ ನಡವಳಿಕೆಯ ಭಾಗವೇ ಆಗಿತ್ತು. ಎಣಿಕೆಯ ಪದವಾಗಿದ್ದ ದೌ ಅಂತಸ್ತಿನ ಪದವಾದದ್ದು ಹೀಗೆ.

ಬಳಕೆಯ ಮರ್ಯಾದೆ

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ದೌ ಪದಕ್ಕೆ ಹಲವು ನೆಲೆಗಳಿದ್ದವು. ಮೇಲಿನವರು ಕೆಳಗಿನವರಿಗೆ, ತಂದೆತಾಯಿ ಮಕ್ಕಳಿಗೆ, ಯಜಮಾನ ಆಳಿಗೆ ದೌ ಎನ್ನುತ್ತಿದ್ದರು. ಕೆಳಗಿನವರು ಮರಳಿ ಯೂ ಎನ್ನಬೇಕಿತ್ತು. ಮೇಲ್ವರ್ಗದವರು ತಮ್ಮತಮ್ಮಲ್ಲಿ ಯೂ ಎನ್ನುತ್ತಿದ್ದರೆ ಬಡಬಗ್ಗರು ತಮ್ಮತಮ್ಮಲ್ಲಿ ದೌ ಎನ್ನುತ್ತಿದ್ದರು. ಸ್ನೇಹಿತರ ನಡುವೆ, ಪ್ರೇಮಿಗಳ ನಡುವೆ ದೌ ಸಲಿಗೆಯ ಮಾತು. ಅಪರಿಚಿತನಿಗೆ ಅಥವಾ ಸಮಾನನಿಗೆ ಸಿಟ್ಟಿನಲ್ಲಿ ಎಸೆದರೆ ಅದೇ ಅಪಮಾನ. ದೇವರು, ದೆವ್ವ, ಸತ್ತವರು, ಪ್ರಕೃತಿಯ ವಸ್ತುಗಳು ಇವರೆಲ್ಲರಿಗೂ ದೌ ಎಂಬುದೇ ಸಂಬೋಧನೆ.

ಜಾನ್ ವಾಲಿಸ್ ಎಂಬ ಗಣಿತಜ್ಞ 1653ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲಿ ಇದನ್ನು ಅಡಕವಾಗಿ ಹೇಳಿದ್ದಾನೆ: ಯಾರಾದರೂ ಇನ್ನೊಬ್ಬರನ್ನು ಏಕವಚನದಲ್ಲಿ ಮಾತಾಡಿಸಿದರೆ ಅದು ತಿರಸ್ಕಾರದಿಂದ ಇರಬೇಕು, ಇಲ್ಲವೆ ಸಲಿಗೆಯ ಮುದ್ದಿನಿಂದ ಇರಬೇಕು. ಅಕ್ಕರೆ ಮತ್ತು ಅವಹೇಳನ ಎರಡನ್ನೂ ಒಂದೇ ಪದ ಹೊರುತ್ತಿತ್ತು. ಕನ್ನಡದ ನೀನು ಇಂದಿಗೂ ಆ ಎರಡನ್ನೂ ಹೊರುತ್ತಿದೆ.

ಈ ಪದ ಎಷ್ಟು ಹರಿತವಾಗಿತ್ತೆಂಬುದಕ್ಕೆ ಸರ್ ವಾಲ್ಟರ್ ರಾಲಿಯ ವಿಚಾರಣೆ ಪ್ರಸಿದ್ಧ ಉದಾಹರಣೆ. ನಾವಿಕ, ಕವಿ, ರಾಣಿ ಎಲಿಜಬೆತ್ತಳ ಆಪ್ತನೆನಿಸಿದ್ದ ರಾಲಿಯ ಮೇಲೆ 1603ರ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ರಾಜದ್ರೋಹದ ಆರೋಪದ ವಿಚಾರಣೆ ನಡೆಯಿತು. ಸರ್ಕಾರದ ಪರ ವಾದಿಸಿದ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ತುಂಬಿದ ಸಭೆಯಲ್ಲಿ ರಾಲಿಯನ್ನು ಬೇಕೆಂದೇ ದೌ ಎಂದು ಕರೆದ. ದ್ರೋಹಿಯಾದ್ದರಿಂದಲೇ ಹಾಗೆ ಕರೆಯುತ್ತಿದ್ದೇನೆ ಎಂದೂ ಸಾರಿದ. ಸರ್ ಎಂಬ ಬಿರುದು ಹೊತ್ತ ಗಣ್ಯನೊಬ್ಬನ ಗೌರವವನ್ನು ತೀರ್ಪು ಬರುವ ಮೊದಲೇ ಕಿತ್ತುಕೊಳ್ಳಲು ಅವನಿಗೆ ಒಂದು ಸರ್ವನಾಮ ಸಾಕಾಯಿತು.

ಷೇಕ್ಸ್‌ಪಿಯರನ ನಾಟಕಗಳಲ್ಲಿ

ದೌ ಮತ್ತು ಯೂ ಎರಡೂ ಜೀವಂತವಾಗಿದ್ದು, ಆಯ್ಕೆ ಮಾಡಿ ಆಡುವ ಅವಕಾಶವಿದ್ದ ಕಾಲದಲ್ಲಿ ಬರೆದವನು ವಿಲಿಯಂ ಷೇಕ್ಸ್‌ಪಿಯರ್ (1564–1616). ಅವನ ಪಾತ್ರಗಳು ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗಲೆಲ್ಲ ಮನಸ್ಸಿನಲ್ಲಿ ಏನೋ ಕದಲಿರುತ್ತದೆ.

‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಣಿ ಗರ್ಟ್ರೂಡ್ ಮಗನನ್ನು ಕರೆಸಿ ಗದರುತ್ತಾಳೆ. ತಾಯಿಯಾಗಿ ಅವಳು ಆಡುವುದು ದೌ. ಅದೇ ವಾಕ್ಯದ ಅಚ್ಚಿನಲ್ಲಿ ಹ್ಯಾಮ್ಲೆಟ್ ತಿರುಗಿಸಿ ಕೊಡುವ ಉತ್ತರದಲ್ಲಿರುವುದು ಯೂ. ಮಗ ತಾಯಿಗೆ ಯೂ ಎನ್ನುವುದು ರೂಢಿಯೇ. ಆದರೆ ಆ ಹೊತ್ತಿನಲ್ಲಿ ಆ ಮರ್ಯಾದೆಯೇ ತಣ್ಣಗಿನ ದೂರವಾಗಿ ಕೇಳುತ್ತದೆ. ಮಗನ ಮಾತಿನ ಹರಿತ ತಾಗಿದ ಕೂಡಲೇ ರಾಣಿಯೂ ದೌ ಬಿಟ್ಟು ಯೂ ಹಿಡಿಯುತ್ತಾಳೆ.

‘ಕಿಂಗ್ ಲಿಯರ್’ ನಾಟಕದ ಮೊದಲ ದೃಶ್ಯದಲ್ಲಿ ಲಿಯರ್ ಕಿರಿಮಗಳು ಕಾರ್ಡೀಲಿಯಾಳನ್ನು ತಿರಸ್ಕರಿಸಿದಾಗ, ನಿಷ್ಠಾವಂತ ಸಾಮಂತ ಕೆಂಟ್ ರಾಜನನ್ನೇ ದೌ ಎಂದು ಕರೆದು ತಡೆಯುತ್ತಾನೆ. ಆಸ್ಥಾನದಲ್ಲಿ ರಾಜನಿಗೆ ಏಕವಚನ ಎಂದರೆ ತಲೆ ಉರುಳುವ ಮಾತು. ಕೆಂಟ್ ಕಿರೀಟವನ್ನು ಮರೆತು ಅದರ ಕೆಳಗಿರುವ ಮುದುಕನೊಂದಿಗೆ ಮಾತಾಡುತ್ತಿದ್ದಾನೆ ಎಂಬುದು ನೋಡುವವರಿಗೆ ಆ ಒಂದು ಪದದಿಂದಲೇ ತಿಳಿಯುತ್ತಿತ್ತು. ‘ಟ್ವೆಲ್ತ್ ನೈಟ್’ ನಾಟಕದಲ್ಲಿ ಸರ್ ಟೋಬಿ ತನ್ನ ಗೆಳೆಯನಿಗೆ ದ್ವಂದ್ವಯುದ್ಧದ ಸವಾಲಿನ ಪತ್ರ ಬರೆಯುವ ಬಗೆ ಹೇಳಿಕೊಡುವಾಗ, ಎದುರಾಳಿಗೆ ಒಂದು ಮೂರು ಸಲ ದೌ ಎಂದರೆ ಕೆಡುಕಿಲ್ಲ ಎನ್ನುತ್ತಾನೆ. ಏಕವಚನವೇ ಕಾಳಗಕ್ಕೆ ಸಾಕಷ್ಟು ಕಾರಣವಾಗಿತ್ತೆಂಬುದು ಇದರಿಂದ ಸ್ಪಷ್ಟ.

ಬೈಬಲ್ ಮತ್ತು ಪ್ರಾರ್ಥನೆ

ದೌ ಪದವನ್ನು ಇಂದಿನವರೆಗೂ ಕಿವಿಗೆ ಬೀಳುವಂತೆ ಉಳಿಸಿದ್ದು 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್. ಅದರ ಅನುವಾದಕರು ವಿಲಿಯಂ ಟಿಂಡೇಲ್ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ತನ್ನ ಬೈಬಲ್ ಅನುವಾದದ ಮೂಲಕ ಹಾಕಿದ ದಾರಿಯನ್ನೇ ಹೆಚ್ಚಾಗಿ ಹಿಡಿದರು. ಅವರು ಅನುಸರಿಸಿದ್ದು ತಮ್ಮ ಕಾಲದ ಮರ್ಯಾದೆಯನ್ನಲ್ಲ, ಮೂಲ ಹೀಬ್ರೂ ಮತ್ತು ಗ್ರೀಕ್ ಭಾಷೆಗಳ ವಚನವನ್ನು. ಮೂಲದಲ್ಲಿ ಏಕವಚನವಿದ್ದರೆ ದೌ, ಬಹುವಚನವಿದ್ದರೆ ಯೀ ಅಥವಾ ಯೂ. ಹೀಗಾಗಿ ಈ ಬೈಬಲಿನಲ್ಲಿ ದೇವರೂ ದೌ, ಫೇರೋ ದೊರೆಯೂ ದೌ, ಕುಷ್ಠರೋಗಿಯೂ ದೌ, ಸೈತಾನನೂ ದೌ.

ಈ ಕ್ರಮದಿಂದ ಅರ್ಥಕ್ಕೆ ದೊಡ್ಡ ಲಾಭವಾಯಿತು. ಲೂಕನ ಸುವಾರ್ತೆಯ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಯೇಸು ಸೀಮೋನನಿಗೆ ಹೇಳುವ ಮಾತೊಂದಿದೆ: ಸೈತಾನನು ಕೇಳಿಕೊಂಡದ್ದು ನಿಮ್ಮೆಲ್ಲರನ್ನು, ಆದರೆ ತಾನು ಪ್ರಾರ್ಥಿಸಿದ್ದು ನಿನಗಾಗಿ ಎಂಬುದು ಅದರ ಭಾವ. ಮೊದಲನೆಯದು ಶಿಷ್ಯರೆಲ್ಲರಿಗೂ ಅನ್ವಯಿಸುವ ಬಹುವಚನ, ಎರಡನೆಯದು ಸೀಮೋನನೊಬ್ಬನಿಗೇ ಸಲ್ಲುವ ಏಕವಚನ. 1611ರ ಅನುವಾದದಲ್ಲಿ ಈ ಭೇದ ಕಣ್ಣಿಗೆ ಕಾಣುತ್ತದೆ. ಎರಡಕ್ಕೂ ಯೂ ಎನ್ನುವ ಇಂದಿನ ಇಂಗ್ಲಿಷ್ ಅನುವಾದಗಳು ಅದನ್ನು ತೋರಿಸಲು ಬೇರೆ ಪದಗಳನ್ನು ಸೇರಿಸಬೇಕು, ಇಲ್ಲವೆ ಅಡಿಟಿಪ್ಪಣಿ ಹಾಕಬೇಕು.

ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕವೂ (ಮೊದಲ ಆವೃತ್ತಿ 1549, ಬಹುಕಾಲ ನಿಂತ ಆವೃತ್ತಿ 1662) ದೌ ರೂಪಗಳನ್ನೇ ಬಳಸಿತು. ಮದುವೆಯಲ್ಲಿ ಉಂಗುರ ತೊಡಿಸುವಾಗಿನ ಪ್ರಮಾಣವಚನ, ಯೇಸು ಕಲಿಸಿದ ಪ್ರಾರ್ಥನೆ ಇವುಗಳ ಮೂಲಕ ಈ ರೂಪಗಳು ಓದುಬರಹ ತಿಳಿಯದವರ ಬಾಯಲ್ಲೂ ಉಳಿದವು. ತಾನೇ ದೊಡ್ಡ ಧರ್ಮಿಷ್ಠ ಎಂಬಂತೆ ನಡೆದುಕೊಳ್ಳುವವರನ್ನು ಕುರಿತು ಇಂಗ್ಲಿಷಿನಲ್ಲಿ ಇಂದಿಗೂ ಹೇಳುವ ‘ಹೋಲಿಯರ್ ದ್ಯಾನ್ ದೌ’ ಎಂಬ ನುಡಿಗಟ್ಟಿನ ಬೇರು ಇದೇ ಬೈಬಲಿನ ಯೆಶಾಯನ ಗ್ರಂಥದಲ್ಲಿದೆ.

ಕ್ವೇಕರರ ಹೋರಾಟ

ದೌ ಪದಕ್ಕಾಗಿ ಏಟು ತಿಂದವರು, ಸೆರೆ ಹೋದವರು ಇದ್ದಾರೆ. ಜಾರ್ಜ್ ಫಾಕ್ಸ್ (1624–1691) ಹದಿನೇಳನೆಯ ಶತಮಾನದ ನಡುವಿನಲ್ಲಿ ಕಟ್ಟಿದ ಮಿತ್ರರ ಸಂಘದವರು, ಅಂದರೆ ಕ್ವೇಕರರು, ದೇವರ ಮುಂದೆ ಎಲ್ಲರೂ ಸಮಾನರೆಂದು ನಂಬಿದವರು. ದೊಡ್ಡವರ ಮುಂದೆ ಟೋಪಿ ತೆಗೆಯಲು ಅವರು ಒಪ್ಪಲಿಲ್ಲ, ಬಿರುದುಗಳಿಂದ ಕರೆಯಲಿಲ್ಲ. ಒಬ್ಬನನ್ನು ಬಹುವಚನದಲ್ಲಿ ಕರೆಯುವುದು ಸುಳ್ಳೂ ಹೌದು, ಮುಖಸ್ತುತಿಯೂ ಹೌದು ಎಂಬುದು ಅವರ ವಾದ. ಆದ್ದರಿಂದ ನ್ಯಾಯಾಧೀಶನಿಗೂ ಜಮೀನುದಾರನಿಗೂ ಭಿಕ್ಷುಕನಿಗೂ ಅವರು ದೌ ಎಂದೇ ಹೇಳಿದರು.

ಕೇಳಿದವರಿಗೆ ಅದು ಸಮಾನತೆಯಾಗಿ ಕೇಳಲಿಲ್ಲ, ಉದ್ಧಟತನವಾಗಿ ಕೇಳಿತು. ಈ ಮಾತಿಗಾಗಿ ಪ್ರಾಣಕ್ಕೆ ಸಂಚಕಾರ ಬಂದಿತ್ತೆಂದೂ ಹಲವು ಸಲ ಹೊಡೆತ ಬಿತ್ತೆಂದೂ ಫಾಕ್ಸ್ ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಕವಿ ಜಾನ್ ಮಿಲ್ಟನ್ನನಿಗೆ ಪುಸ್ತಕ ಓದಿ ಹೇಳುತ್ತಿದ್ದ ಥಾಮಸ್ ಎಲ್‌ವುಡ್ ತರುಣನಾಗಿ ಕ್ವೇಕರನಾದಾಗ ಹೆತ್ತ ತಂದೆಗೇ ದೌ ಎಂದು ಅವನ ಕೋಪಕ್ಕೆ ಗುರಿಯಾದದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. 1660ರಲ್ಲಿ ಫಾಕ್ಸ್, ಜಾನ್ ಸ್ಟಬ್ಸ್ ಮತ್ತು ಬೆಂಜಮಿನ್ ಫರ್ಲಿ ಸೇರಿ ‘ಬ್ಯಾಟಲ್‌ಡೋರ್’ ಎಂಬ ಹೆಸರಿನ ಪುಸ್ತಕವೊಂದನ್ನು ಪ್ರಕಟಿಸಿದರು. ಬ್ಯಾಟಲ್‌ಡೋರ್ ಎಂದರೆ ಮಕ್ಕಳಿಗೆ ಅಕ್ಷರ ಕಲಿಸುವ ಹಲಗೆ. ಪಂಡಿತರಿಗೆ ಏಕವಚನ ಬಹುವಚನಗಳ ಪಾಠ ಹೇಳುವ ಆ ಪುಸ್ತಕ, ಹಲವಾರು ಭಾಷೆಗಳಿಂದ ಉದಾಹರಣೆ ತಂದು ಒಬ್ಬನಿಗೆ ಏಕವಚನವೇ ಸರಿ ಎಂದು ಸಾಧಿಸುತ್ತದೆ. ಮುಂದೆ ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್ ಲಂಡನ್ನಿನ ಟವರ್ ಸೆರೆಮನೆಯಲ್ಲಿದ್ದಾಗ ಬರೆದು 1669ರಲ್ಲಿ ಪ್ರಕಟಿಸಿದ ‘ನೋ ಕ್ರಾಸ್, ನೋ ಕ್ರೌನ್’ ಗ್ರಂಥದಲ್ಲೂ ಇದೇ ವಾದವಿದೆ.

ಅಮೆರಿಕದ ಕ್ವೇಕರರಲ್ಲಿ ಈ ರೂಢಿ ಬಹುಕಾಲ ಉಳಿಯಿತು. ಅಲ್ಲಿ ಕರ್ತೃಸ್ಥಾನದಲ್ಲೂ ದೀ ಎಂಬ ಕರ್ಮರೂಪವನ್ನೇ ಬಳಸಿ, ಅದಕ್ಕೆ ಪ್ರಥಮಪುರುಷದ ಕ್ರಿಯಾರೂಪವನ್ನು ಸೇರಿಸುವ ವಿಶಿಷ್ಟ ವ್ಯಾಕರಣವೇ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮನೆಮಾತಿಗೆ ಸೀಮಿತವಾಗಿ, ಈಗ ಬಹುತೇಕ ನಿಂತಿದೆ.

ಮರೆಯಾದ ಬಗೆ

ದೌ ಮರೆಯಾದದ್ದಕ್ಕೆ ಒಂದೇ ಕಾರಣವಿಲ್ಲ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಲಂಡನ್ ವೇಗವಾಗಿ ಬೆಳೆಯಿತು. ಹಳ್ಳಿಯಲ್ಲಿ ಎದುರಿಗೆ ಬಂದವನ ಕುಲ ಅಂತಸ್ತು ಎಲ್ಲರಿಗೂ ಗೊತ್ತು. ನಗರದಲ್ಲಿ ವ್ಯಾಪಾರದಿಂದ ದುಡ್ಡು ಮಾಡಿದವನು ಉಡುಪಿನಲ್ಲಿ ಪ್ರಭುವಿನಂತೆ ಕಾಣುತ್ತಿದ್ದ. ಯಾರನ್ನು ಹೇಗೆ ಕರೆಯಬೇಕೆಂದು ತಿಳಿಯದಾಗ ಯೂ ಎನ್ನುವುದೇ ಕ್ಷೇಮ. ಹೆಚ್ಚು ಮರ್ಯಾದೆ ಕೊಟ್ಟರೆ ಯಾರೂ ಜಗಳಕ್ಕೆ ಬರುವುದಿಲ್ಲ. ಹೀಗೆ ಯೂ ಮೇಲಿನಿಂದ ಕೆಳಕ್ಕೆ ಹರಡುತ್ತ ಹೋಯಿತು. ಯೂ ಎಲ್ಲೆಡೆ ಸಾಮಾನ್ಯವಾದಷ್ಟೂ ದೌ ಅಸಾಮಾನ್ಯವಾಗಿ, ಅದರಲ್ಲಿ ಅಪಮಾನದ ಮೊನೆ ಹೆಚ್ಚು ಚೂಪಾಯಿತು. ಚೂಪಾದಷ್ಟೂ ಜನ ಅದನ್ನು ಬಿಡುತ್ತ ಬಂದರು. ಕ್ವೇಕರರ ಹಟದಿಂದ ದೌ ಒಂದು ಪಂಥದ ಗುರುತಾಗಿ ಕಂಡದ್ದೂ ಉಳಿದವರು ಅದರಿಂದ ದೂರ ಸರಿಯಲು ನೆರವಾಗಿರಬಹುದು.

ವ್ಯಾಕರಣದ ಪುಸ್ತಕಗಳು ಮಾತ್ರ ಅದನ್ನು ಬಿಡಲಿಲ್ಲ. ರಾಬರ್ಟ್ ಲೌತ್ 1762ರಲ್ಲಿ ಪ್ರಕಟಿಸಿದ, ಲಿಂಡ್ಲಿ ಮರ್ರಿ 1795ರಲ್ಲಿ ಪ್ರಕಟಿಸಿದ ಹೆಸರಾಂತ ವ್ಯಾಕರಣಗಳಲ್ಲಿ ಕ್ರಿಯಾಪದದ ಪಟ್ಟಿ ಕೊಡುವಾಗ ದೌ ರೂಪ ತನ್ನ ಸಾಲಿನಲ್ಲಿ ನಿಂತಿದೆ. ಆಡುವವರಿಲ್ಲದ ರೂಪವನ್ನು ಶಾಲೆಯ ಮಕ್ಕಳು ತಲೆಮಾರುಗಟ್ಟಲೆ ಬಾಯಿಪಾಠ ಮಾಡಿದರು.

ಯುರೋಪಿನ ಭಾಷೆಗಳಲ್ಲಿ ಬೇರೆ ದಾರಿ ಹಿಡಿದವೂ ಇವೆ. ಫ್ರೆಂಚ್ ಮತ್ತು ಜರ್ಮನ್ ಎರಡೂ ರೂಪಗಳನ್ನು ಉಳಿಸಿಕೊಂಡಿವೆ. ಡಚ್ ಭಾಷೆ ಇಂಗ್ಲಿಷಿನಂತೆ ತನ್ನ ಹಳೆಯ ಏಕವಚನ ‘ಡು’ ಕಳೆದುಕೊಂಡು, ಬಹುವಚನವಾಗಿದ್ದ ಪದವನ್ನೇ ಏಕವಚನ ಮಾಡಿಕೊಂಡಿತು. ಸ್ವೀಡನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಬದಲಾವಣೆ ಆಯಿತು: ಅಲ್ಲಿನ ಸಮಾಜ ಬಿರುದುಬಾವಲಿಗಳ ಸಂಬೋಧನೆ ಬಿಟ್ಟು ಎಲ್ಲರಿಗೂ ‘ಡು’ ಎನ್ನುವ ಏಕವಚನವನ್ನು ಆರಿಸಿಕೊಂಡಿತು. ಸ್ವೀಡರು ಎಲ್ಲರನ್ನೂ ಆಪ್ತರನ್ನಾಗಿಸಿ ಸಮಾನತೆ ತಂದರೆ, ಇಂಗ್ಲಿಷರು ಎಲ್ಲರನ್ನೂ ಗೌರವಾನ್ವಿತರನ್ನಾಗಿಸಿ ಅಲ್ಲಿಗೇ ಮುಟ್ಟಿದರು.

ಪ್ರಾದೇಶಿಕ ನುಡಿಗಳಲ್ಲಿ

ಶಿಷ್ಟ ಇಂಗ್ಲಿಷಿನಿಂದ ಹೊರಬಿದ್ದ ದೌ ಹಳ್ಳಿಗಾಡಿನಲ್ಲಿ, ಗಣಿ ಮತ್ತು ಗಿರಣಿಗಳ ಊರುಗಳಲ್ಲಿ ಬದುಕಿತು. ಯಾರ್ಕ್‌ಷೈರ್ ಮತ್ತು ಲ್ಯಾಂಕಾಷೈರ್ ಪ್ರದೇಶಗಳಲ್ಲಿ ಅದರ ರೂಪ ‘ದಾ’. ಷೆಫೀಲ್ಡ್ ನಗರದವರು ದೀ, ದಾ ಎಂದು ಒತ್ತಿ ನುಡಿಯುವುದರಿಂದ ನೆರೆಯೂರಿನವರು ಅವರನ್ನು ‘ಡೀ-ಡಾ’ಗಳೆಂದೇ ಕರೆಯುತ್ತಾರೆ. ನೈಋತ್ಯ ಇಂಗ್ಲೆಂಡಿನ ಹಳ್ಳಿಗಳಲ್ಲಿ ಕರ್ತೃಸ್ಥಾನದಲ್ಲೂ ದೀ ಬರುತ್ತದೆ. ಷೆಟ್‌ಲೆಂಡ್ ದ್ವೀಪಗಳಲ್ಲಿ ‘ಡು’ ಎಂಬ ರೂಪ ಆಪ್ತರ ನಡುವೆ ಇಂದಿಗೂ ಬಳಕೆಯಲ್ಲಿದೆ. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಮುಂದಾಳತ್ವದಲ್ಲಿ 1950ರಿಂದ 1961ರವರೆಗೆ 313 ಊರುಗಳಲ್ಲಿ ನಡೆದ ಇಂಗ್ಲಿಷ್ ಉಪಭಾಷೆಗಳ ಸಮೀಕ್ಷೆ ಇಂಥ ರೂಪಗಳನ್ನು ಹಿರಿಯರ ಬಾಯಿಂದ ಕೇಳಿ ದಾಖಲಿಸಿತು.

ಈ ನುಡಿಗಳಲ್ಲಿ ಹಳೆಯ ಮರ್ಯಾದೆಯೂ ಉಳಿದಿತ್ತು. ಮಕ್ಕಳು ಹಿರಿಯರಿಗೆ ದಾ ಎಂದರೆ ಗದರಿಸಿಕೊಳ್ಳಬೇಕಿತ್ತು. ನನ್ನನ್ನು ದಾ ಎನ್ನಬೇಡ ಎಂದು ರೇಗುವ ಗಾದೆಯಂಥ ಮಾತು ಯಾರ್ಕ್‌ಷೈರಿನಲ್ಲಿ ಪ್ರಸಿದ್ಧ. ಡಿ. ಎಚ್. ಲಾರೆನ್ಸ್ ‘ಸನ್ಸ್ ಅಂಡ್ ಲವರ್ಸ್’ (1913) ಕಾದಂಬರಿಯಲ್ಲಿ ಗಣಿಗಾರ ಮೊರೆಲ್‌ನ ಬಾಯಲ್ಲಿ, ಬ್ಯಾರಿ ಹೈನ್ಸ್ ‘ಎ ಕೆಸ್ಟ್ರೆಲ್ ಫಾರ್ ಎ ನೇವ್’ (1968) ಕಾದಂಬರಿಯಲ್ಲಿ ಗಣಿಯೂರಿನ ಹುಡುಗರ ಬಾಯಲ್ಲಿ ಈ ರೂಪಗಳನ್ನು ಇಟ್ಟಿದ್ದಾರೆ. ಅಲ್ಲಿ ದೌ ಪುರಾತನದ ಅಲಂಕಾರವಲ್ಲ, ದುಡಿಯುವವರ ದಿನದ ಮಾತು.

ಕಾವ್ಯ, ಅನುವಾದ ಮತ್ತು ಭಾರತದ ನಂಟು

ಆಡುಮಾತಿನಿಂದ ಹೋದ ಮೇಲೂ ಇನ್ನೂರು ವರ್ಷ ಕವಿಗಳು ದೌ ಬಿಡಲಿಲ್ಲ. ಕೀಟ್ಸ್ ನೈಟಿಂಗೇಲ್ ಹಕ್ಕಿಯನ್ನೂ ಶೆಲ್ಲಿ ಬಾನಾಡಿಯನ್ನೂ ಕರೆದದ್ದು ದೌ ಎಂದೇ. ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ 1859ರಲ್ಲಿ ಪ್ರಕಟಿಸಿದ ಉಮರ್ ಖಯ್ಯಾಮನ ರುಬಾಯಿಗಳ ಅನುವಾದ, ಎಡ್ವಿನ್ ಆರ್ನಲ್ಡ್ 1885ರಲ್ಲಿ ಪ್ರಕಟಿಸಿದ ಭಗವದ್ಗೀತೆಯ ಪದ್ಯಾನುವಾದ ಇವುಗಳಲ್ಲೂ ಅದೇ ಸರ್ವನಾಮ. ಗಾಂಧೀಜಿ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗೀತೆಯನ್ನು ಓದಿದ್ದು ಆರ್ನಲ್ಡನ ಈ ಅನುವಾದದಲ್ಲಿ. ರವೀಂದ್ರನಾಥ ಠಾಕೂರರು 1912ರಲ್ಲಿ ಹೊರತಂದ ಇಂಗ್ಲಿಷ್ ಗೀತಾಂಜಲಿಯಲ್ಲೂ ದೇವರಿಗೆ ದೌ. ಭಾರತೀಯ ಭಾಷೆಗಳ ಭಕ್ತಿಯ ಏಕವಚನವನ್ನು ಹಿಡಿಯಲು ಆ ಕಾಲದ ಇಂಗ್ಲಿಷಿನಲ್ಲಿ ಹತ್ತಿರದ ಪದ ಅದೇ ಆಗಿತ್ತು.

ಕರ್ನಾಟಕದಲ್ಲಿ ಈ ಪದಕ್ಕೆ ಇನ್ನೊಂದು ಉಪಯೋಗವೂ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಕಲಿತು ವ್ಯಾಕರಣ, ನಿಘಂಟುಗಳನ್ನು ಇಂಗ್ಲಿಷಿನಲ್ಲಿ ಬರೆದ ಮಿಷನರಿಗಳು ನೀನು ಮತ್ತು ನೀವು ಎಂಬ ಭೇದವನ್ನು ತಮ್ಮ ಓದುಗರಿಗೆ ತಿಳಿಸಬೇಕಿತ್ತು. ಆಗ ಯೂ ಒಂದರಿಂದ ಕೆಲಸ ನಡೆಯುತ್ತಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ ಅವರ ಮಹಾನಿಘಂಟಿನಲ್ಲಿ ನೀನು ಎಂಬುದಕ್ಕೆ ಕೊಟ್ಟ ಅರ್ಥ ದೌ. ತನ್ನ ನಾಡಿನಲ್ಲಿ ಬಳಕೆ ತಪ್ಪಿದ ಪದ ಪರನಾಡಿನ ಸರ್ವನಾಮವನ್ನು ವಿವರಿಸಲು ನೆರವಾಯಿತು.

ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಕಾವ್ಯದಲ್ಲೂ ದೌ ಹಳಸಿತು. ಮೈಸೂರಿನವರಾದ ಎ. ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಶಿವನನ್ನು ಸರಳವಾಗಿ ಯೂ ಎಂದರು. ವಚನದ ನೀನು ಆಡುಮಾತಿನ ನೀನು; ಅದಕ್ಕೆ ಆಡುಮಾತಿನ ಯೂ ಎಂಬುದೇ ಹೊಂದುತ್ತದೆ. ಆ ಹೊತ್ತಿಗೆ ದೌ ಎಂದಿದ್ದರೆ ಅಲ್ಲಿನ ಸಲಿಗೆ ಗುಡಿಯ ಗಾಂಭೀರ್ಯವಾಗಿ ಬದಲಾಗುತ್ತಿತ್ತು.

ಅರ್ಥದ ತಿರುವು

ದೌ ಪದದ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಸಲಿಗೆಯಿಂದ ಗಾಂಭೀರ್ಯಕ್ಕೆ ಆದ ಈ ಬದಲಾವಣೆಯೇ. ಆಳುಕಾಳುಗಳಿಗೆ, ಮಕ್ಕಳಿಗೆ, ಗೆಳೆಯರಿಗೆ ಹೇಳುತ್ತಿದ್ದ ಮಾತು ಇಂದು ಅತ್ಯಂತ ಘನವಾದ, ಪೂಜ್ಯವಾದ ಸಂಬೋಧನೆಯಾಗಿ ಕೇಳಿಸುತ್ತದೆ. ಬೇರೆಲ್ಲ ಕಡೆ ಅಳಿದು ದೇವಸ್ತುತಿಯಲ್ಲಿ ಮಾತ್ರ ಉಳಿದದ್ದರಿಂದ, ದೇವರಿಗೆ ಹೇಳುವ ಮಾತು ದೊಡ್ಡದೇ ಇರಬೇಕೆಂದು ಜನ ಭಾವಿಸಿದರು. ಬೈಬಲಿನ ಪರಿಷ್ಕೃತ ಅನುವಾದಗಳೂ ಈ ಭಾವನೆಗೆ ಮಣಿದವು. 1952ರಲ್ಲಿ ಪೂರ್ಣಗೊಂಡ ರಿವೈಸ್ಡ್ ಸ್ಟ್ಯಾಂಡರ್ಡ್ ಆವೃತ್ತಿ ಮನುಷ್ಯರಿಗೆ ಯೂ ಬಳಸಿ ದೇವರಿಗೆ ಮಾತ್ರ ದೌ ಉಳಿಸಿತು. ಮೂಲದಲ್ಲಿಲ್ಲದ ಭೇದವೊಂದು ಹೀಗೆ ಹುಟ್ಟಿತು. 1989ರ ಅದರ ಹೊಸ ಪರಿಷ್ಕರಣದಲ್ಲಿ ಅದನ್ನೂ ಕೈಬಿಡಲಾಯಿತು. ಲ್ಯಾಟರ್ ಡೇ ಸೇಂಟ್ಸ್ ಚರ್ಚಿನವರು ಪ್ರಾರ್ಥನೆಯಲ್ಲಿ ಇಂದಿಗೂ ದೌ ರೂಪಗಳನ್ನು ಪ್ರೋತ್ಸಾಹಿಸುತ್ತಾರೆ.

ಮಾರ್ಟಿನ್ ಬೂಬರ್ 1923ರಲ್ಲಿ ಜರ್ಮನ್ನಿನಲ್ಲಿ ಪ್ರಕಟಿಸಿದ ತತ್ವಗ್ರಂಥದ ಹೆಸರಿನಲ್ಲಿರುವ ‘ಡು’ ಮನೆಮಂದಿಯ, ಗೆಳೆಯರ ನಡುವಿನ ಆಪ್ತ ಪದ. 1937ರ ಇಂಗ್ಲಿಷ್ ಅನುವಾದ ಅದನ್ನು ‘ಐ ಅಂಡ್ ದೌ’ ಎಂದು ಕರೆಯಿತು. 1970ರಲ್ಲಿ ಮತ್ತೆ ಅನುವಾದಿಸಿದ ವಾಲ್ಟರ್ ಕೌಫ್‌ಮನ್ ಒಳಗೆಲ್ಲ ಯೂ ಬಳಸಿ, ದೌ ಎಂಬುದು ಬೂಬರನ ಆಪ್ತತೆಯನ್ನು ಪ್ರವಚನದ ಧಾಟಿಗೆ ತಿರುಗಿಸುತ್ತದೆಂದು ವಾದಿಸಿದ. ಆದರೂ ಹೆಸರಾಗಿಬಿಟ್ಟಿದ್ದ ಶೀರ್ಷಿಕೆಯನ್ನು ಬದಲಿಸಲಾಗಲಿಲ್ಲ. ಜನಪ್ರಿಯ ಕಲೆಯಲ್ಲೂ ಇದೇ ಭಾವನೆ ಕಾಣುತ್ತದೆ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಡಾರ್ಥ್ ವೇಡರ್ ತನ್ನ ಚಕ್ರವರ್ತಿಯ ಆಜ್ಞೆ ಕೇಳುವಾಗ ಅತಿ ವಿನಯದಿಂದ ದೈ ಎನ್ನುತ್ತಾನೆ. 1600ರ ಲಂಡನ್ನಿನಲ್ಲಿ ಅದು ಸಲ್ಲದ ಸಲಿಗೆಯಾಗುತ್ತಿತ್ತು.

ತೆರವಾದ ಜಾಗ ಮತ್ತು ಅಧ್ಯಯನ

ದೌ ಹೋದ ಮೇಲೆ ಒಬ್ಬರಿಗೆ ಹೇಳಿದ್ದೋ ಹಲವರಿಗೆ ಹೇಳಿದ್ದೋ ಎಂಬ ಗೊಂದಲ ಇಂಗ್ಲಿಷಿನಲ್ಲಿ ಉಳಿಯಿತು. ಆಡುವ ಜನ ಅದನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ‘ಯಾಲ್’, ಐರ್ಲೆಂಡ್, ಲಿವರ್‌ಪೂಲ್ ಮತ್ತು ಆಸ್ಟ್ರೇಲಿಯಾದಲ್ಲಿ ‘ಯೂಸ್’, ಪಿಟ್ಸ್‌ಬರ್ಗ್ ಸುತ್ತಮುತ್ತ ‘ಯಿನ್ಸ್’, ಹಲವೆಡೆ ‘ಯೂ ಗೈಸ್’ ಎಂಬ ಹೊಸ ಬಹುವಚನಗಳು ಹುಟ್ಟಿವೆ. ಐರ್ಲೆಂಡಿನಲ್ಲಿ ಹಳೆಯ ಯೀ ಬಹುವಚನವಾಗಿ ಇನ್ನೂ ಇದೆ. ಎಣಿಕೆಯ ಭೇದವನ್ನು ಜನ ಹೀಗೆ ಮರಳಿ ಕಟ್ಟಿಕೊಂಡರೂ, ಸಲಿಗೆ ಮತ್ತು ಗೌರವದ ಭೇದವನ್ನು ಯಾವ ಹೊಸ ಸರ್ವನಾಮವೂ ತುಂಬಿಕೊಟ್ಟಿಲ್ಲ. ಅದನ್ನು ಇಂಗ್ಲಿಷ್ ಈಗ ಹೆಸರು, ಸರ್, ಮೇಡಂ ಮತ್ತು ವಾಕ್ಯದ ಧಾಟಿಯಿಂದ ಹೇಳುತ್ತದೆ.

ಈ ವಿಷಯದ ಆಧುನಿಕ ಅಧ್ಯಯನಕ್ಕೆ ತಳಹದಿ ಹಾಕಿದವರು ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್. 1960ರ ತಮ್ಮ ಲೇಖನದಲ್ಲಿ ಅವರು ಸಂಬೋಧನೆಯ ಸರ್ವನಾಮಗಳ ಹಿಂದೆ ಅಧಿಕಾರ ಮತ್ತು ಒಡನಾಟ ಎಂಬ ಎರಡು ಶಕ್ತಿಗಳಿವೆ ಎಂದರು. ಅಧಿಕಾರವಿರುವಲ್ಲಿ ಒಬ್ಬನು ಏಕವಚನ ಕೊಟ್ಟು ಬಹುವಚನ ಪಡೆಯುತ್ತಾನೆ. ಒಡನಾಟವಿರುವಲ್ಲಿ ಇಬ್ಬರೂ ಒಂದೇ ರೂಪವನ್ನು ಕೊಟ್ಟು ಪಡೆಯುತ್ತಾರೆ. ಲ್ಯಾಟಿನ್ನಿನ ತೂ ಮತ್ತು ವೋಸ್ ಪದಗಳ ಮೊದಲ ಅಕ್ಷರಗಳಿಂದ ಅವರು ಮಾಡಿಕೊಂಡ ಟಿ ಮತ್ತು ವಿ ಎಂಬ ಸಂಕೇತಗಳು ಸಮಾಜ ಭಾಷಾವಿಜ್ಞಾನದಲ್ಲಿ ನೆಲೆಯೂರಿವೆ.

ಹಳೆಯ ಇಂಗ್ಲಿಷ್ ಸಾಹಿತ್ಯ ಓದುವವರಿಗೆ ಈ ತಿಳಿವಳಿಕೆ ಅಗತ್ಯ. ದೌ ಕಂಡ ಕೂಡಲೇ ಅದನ್ನು ಗಾಂಭೀರ್ಯವೆಂದು ಬಗೆಯದೆ, ಆಡುತ್ತಿರುವವರು ಯಾರು, ಯಾರಿಗೆ, ಒಂದು ಗಳಿಗೆಯ ಹಿಂದೆ ಏನೆಂದು ಕರೆದಿದ್ದರು ಎಂದು ನೋಡಬೇಕು. ಈ ಓದಿನಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಇಂದಿನ ಇಂಗ್ಲಿಷ್ ಓದುಗ ಟಿಪ್ಪಣಿಯಿಂದ ಕಲಿಯಬೇಕಾದ ಭೇದವನ್ನು ಕನ್ನಡಿಗರು ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ದಿನವೂ ಪಾಲಿಸುತ್ತಾರೆ. ಕುವೆಂಪು, ಮಾಸ್ತಿ ಮೊದಲಾದವರು ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದಾಗ ಪ್ರತಿ ಮಾತಿನಲ್ಲೂ ನೀನು ಅಥವಾ ನೀವು ಎಂದು ತೀರ್ಮಾನಿಸಲೇಬೇಕಾಯಿತು. ಇಂಗ್ಲಿಷಿನಲ್ಲಿ ಈಗ ಮಂಕಾಗಿರುವ ಆ ಸೂಕ್ಷ್ಮ, ಒಳ್ಳೆಯ ಕನ್ನಡ ಅನುವಾದದಲ್ಲಿ ರಂಗದ ಮೇಲೆ ಮತ್ತೆ ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿಸಬಲ್ಲದು.